ಗ್ರಾಮಗಳಲ್ಲಿ ದನಗಳನ್ನು ತಡೆದು ನಿಲ್ಲಿಸುವ ದೊಡ್ಡಿಗಳ ವಿಷಯ

ಕಾಲುಬಾಯಿ ಬೇನೆಯ ಲಸಿಕೆಯನ್ನು ಹಾಕುವವರು ಗ್ರಾಮಕ್ಕೆ ಬಂದ ದಿವಸ ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳ ಯಾವ ಹಳ್ಳಿಯಲ್ಲಿ ನೋಡಿದರೂ ನಡೆಯುವ ಸಂಗತಿಯು ಹೆಚ್ಚು ಕಡಮೆ ಒಂದೇ ಬಗೆಯದಾಗಿರುವುದು. ಹೂಡುವ ಎತ್ತುಗಳನ್ನು ಯಜಮಾನನು ಮೂಗುದಾರ ಹಿಡಿದು ತಂದು ನಿಲ್ಲಿಸುವನು; ಅವುಗಳ ಕೆಲಸವು ಕ್ಷಣಮಾತ್ರದಲ್ಲಿ ಮುಗಿಯುವುದು. ಕರೆಯುವ ಹಸು ಎಮ್ಮೆಗಳು ಮನೆಯ ಹೆಂಗಸರು ಮೈ ತಡವಿ ಮಾತನಾಡಿಸಿದರೆ ಗೋದಲಿಯ ಬಳಿಯಲ್ಲಿಯೇ ನಿಲ್ಲುವುವು. ಕಷ್ಟವೆಲ್ಲ ಉಳಿದವುಗಳದು. ಮೂಗು ಚುಚ್ಚದ ಹೋರಿಗರುಗಳು, ಕಡಸುಗಳು, ವರ್ಷದ ಬಹುಭಾಗ ಗುಡ್ಡದಲ್ಲಿಯೇ ಮೇಯ್ದು ಮನುಷ್ಯನ ಕೈ ಸೋಕದೆ ಬೆಳೆದ ದನಗಳು, ಇವುಗಳನ್ನು ಬೀದಿಯುದ್ದಕ್ಕೂ ಅಟ್ಟಿ, ಗೋಡೆಯ ಮೂಲೆಗೆ ಒತ್ತಿ, ಕೊಂಬಿಗೆ ಹಗ್ಗವೆಸೆದು ಬೇವಿನ ಮರಕ್ಕೆ ಸುತ್ತಿ, ಒಬ್ಬನು ಬಾಲ ತಿರುಚಿ ಇನ್ನೊಬ್ಬನು ಮೂಗಿನ ಹೊಳ್ಳೆಯಲ್ಲಿ ಬೆರಳಿಟ್ಟು ಹಿಡಿಯಬೇಕಾಗುವುದು. ಇಷ್ಟಾದ ಮೇಲೂ ಕೆಲವು ತಪ್ಪಿಸಿಕೊಂಡು ಹೋಗುವುವು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಬೇಸರ ಬಂದು, "ಅದೊಂದನ್ನು ಬಿಡಿ, ಹಾಯುವ ದನ" ಎಂದು ಹೇಳಿ ಕೈ ತೊಳೆಯುವರು.

ಹೀಗೆ ಬಿಟ್ಟ ದನವೇ ಊರಿಗೆ ಅಪಾಯಕರವಾದುದು. ಕಾಲುಬಾಯಿ ಬೇನೆಯು ಅಂಟುರೋಗ. ಲಸಿಕೆ ಹಾಕದೆ ಬಿಟ್ಟ ನಾಲ್ಕಾರು ದನಗಳು ಸಂತೆಯಿಂದಲೋ ನೆರೆಯೂರಿನ ಮಂದೆಯಿಂದಲೋ ರೋಗವನ್ನು ತಂದರೆ, ಅದು ಮೊದಲು ಹರಡುವುದು ಊರ ಕರುಗಳಿಗೆ. ಲಸಿಕೆಯ ಬಲವು ಆರು ತಿಂಗಳಲ್ಲಿ ಕುಗ್ಗುತ್ತ ಬರುವುದಾದ್ದರಿಂದ ಅನಂತರ ಎತ್ತುಗಳಿಗೂ ತಗಲಬಹುದು. ಬಿತ್ತನೆಯ ಹದದಲ್ಲಿ ಎತ್ತಿನ ಗೊರಸು ಹುಣ್ಣಾಗಿ ಅದು ನೊಗಕ್ಕೆ ಬಾರದೆ ಹೋದರೆ ಒಕ್ಕಲಿಗನಿಗಾಗುವ ನಷ್ಟವು ಎಷ್ಟೆಂಬುದನ್ನು ಭೂಮಿಯನ್ನುಳ್ಳ ಯಾರಿಗೂ ವಿವರಿಸಬೇಕಾಗಿಲ್ಲ.

೨೦೧೯ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಭಾರತ ಸರ್ಕಾರದವರು ಕಾಲುಬಾಯಿ ಬೇನೆಯನ್ನೂ ಕಂದು ಹಾಕುವ ಬ್ರುಸೆಲ್ಲಾ ರೋಗವನ್ನೂ ತಡೆಗಟ್ಟುವುದಕ್ಕಾಗಿ ದೇಶದಾದ್ಯಂತ ಲಸಿಕೆಯ ಕಾರ್ಯಕ್ರಮವನ್ನು ಆರಂಭಿಸಿದರು. ಅದರ ಪ್ರಕಾರ ಕಾಲುಬಾಯಿ ಬೇನೆಗೆ ವರ್ಷಕ್ಕೆ ಎರಡು ಸಾರಿ, ಬ್ರುಸೆಲ್ಲಾ ರೋಗಕ್ಕೆ ೪ ರಿಂದ ೮ ತಿಂಗಳ ವಯಸ್ಸಿನ ಹೆಣ್ಣು ಕರುಗಳಿಗೆ ಒಂದು ಸಾರಿ ಲಸಿಕೆ ಕೊಡುವ ಏರ್ಪಾಡಾಯಿತು. ಕಿವಿಗೆ ೧೨ ಅಂಕಿಗಳ ಬಿಲ್ಲೆಯನ್ನು ಹಾಕುವ ಕ್ರಮವೂ ಬಂದಿತು. ೨೦೨೨ರಲ್ಲಿ ಚರ್ಮಗಂಟು ರೋಗವು ಕರ್ಣಾಟಕದಲ್ಲಿ ಹಬ್ಬಿ ಅನೇಕ ಕಡೆ ದನದ ಸಂತೆಗಳನ್ನೇ ನಿಲ್ಲಿಸಬೇಕಾಗಿ ಬಂದಾಗ ಅದಕ್ಕೂ ಲಸಿಕೆ ಹಾಕಿಸಬೇಕಾಯಿತು. ಹಿಂದೆ ಒಂದು ದನವು ತನ್ನ ಆಯುಷ್ಯದಲ್ಲಿ ಎರಡು ಮೂರು ಸಾರಿ ಮಾತ್ರ ಅಪರಿಚಿತರ ಕೈಗೆ ಸಿಕ್ಕುತ್ತಿದ್ದರೆ, ಈಗ ವರ್ಷಕ್ಕೆ ಅಷ್ಟು ಸಾರಿ ಸಿಕ್ಕಬೇಕಾಗಿದೆ. ಹಿಡಿಯುವ ಅವಶ್ಯಕತೆಯು ಹೆಚ್ಚಿತು. ಹಿಡಿಯುವ ಸ್ಥಳವು ಮಾತ್ರ ಹಿಂದಿದ್ದ ಬೀದಿಯೂ ಬೇವಿನ ಮರವೂ ಆಗಿಯೇ ಉಳಿಯಿತು. ಇದರ ಮೇಲೆ, ನೇಗಿಲ ಕೆಲಸಕ್ಕೆ ಟ್ರ್ಯಾಕ್ಟರುಗಳು ಬಂದಂದಿನಿಂದ ಎತ್ತುಗಳನ್ನು ಪಳಗಿಸಬಲ್ಲ ಕೈಗಳೂ ಹಳ್ಳಿಗಳಲ್ಲಿ ವರ್ಷೇ ವರ್ಷೇ ಕಡಮೆಯಾಗುತ್ತಿವೆ. ದನವು ಕೆಟ್ಟದೆಂದು ಜನರು ದೂರುವರು. ದೂರಬೇಕಾದುದು ದನವನ್ನಲ್ಲ, ಅದನ್ನು ನಿಲ್ಲಿಸುವ ಜಾಗವನ್ನು.

ಈ ಮಾತು ಯಥಾರ್ಥವೆಂಬುದನ್ನು ತಿಳಿಯಬೇಕಾದರೆ ದನವು ಲೋಕವನ್ನು ಯಾವ ರೀತಿಯಲ್ಲಿ ನೋಡುವುದೆಂಬುದನ್ನು ಅರಿಯಬೇಕು. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುವು. ಆದುದರಿಂದ ಅದಕ್ಕೆ ಮುಂದೆಯೂ ಎರಡು ಮಗ್ಗುಲೂ ಬಹುಮಟ್ಟಿಗೆ ಹಿಂದೆಯೂ ಕಾಣುವುದು. ಬಾಲದ ನೇರಕ್ಕೆ ಹಿಂದುಗಡೆ ಮಾತ್ರ ಕಾಣದು. ಆ ಕಾಣದ ಸ್ಥಳದಲ್ಲಿ ಮನುಷ್ಯನು ಬಂದು ನಿಂತರೆ ಅದು ತಿರುಗಿ ನೋಡುವುದು ಅಥವಾ ಒದೆಯುವುದು. ಇದು ದುಷ್ಟತನವಲ್ಲ, ಭಯ. ವಿಶಾಲವಾಗಿ ನೋಡುವ ಈ ಕಣ್ಣಿಗೆ ಆಳ ಎತ್ತರಗಳನ್ನು ಅಳೆಯುವ ಶಕ್ತಿ ಸಾಲದು. ನೆಲದ ಮೇಲೆ ಬಿದ್ದ ಮರದ ನೆರಳಿನ ಗೆರೆಯು ಅದಕ್ಕೆ ಹಳ್ಳದಂತೆ ತೋರಬಹುದು. ಬಚ್ಚಲು ನೀರಿನ ಕಾಲುವೆ, ಮಡುವಿನಲ್ಲಿ ಮಿನುಗುವ ಬಿಸಿಲು, ಬೇಲಿಗೆ ನೇತುಹಾಕಿದ ಹಚ್ಚಡ, ಗಾಳಿಗೆ ಅಲುಗುವ ಪ್ಲಾಸ್ಟಿಕ್ ಚೀಲ, ಇವುಗಳಲ್ಲಿ ಯಾವುದೊಂದಾದರೂ ಸಾಕು, ಮುಂದಿನ ದನವು ತಲೆ ತಗ್ಗಿಸಿ ಮೂಸಿ ನಿಂತುಬಿಡುವುದು. ಅದು ನಿಂತರೆ ಹಿಂದಿನವೆಲ್ಲವೂ ನಿಲ್ಲುವುವು. ಆಗ ದನಗಾಹಿಯು ಬಾರುಕೋಲನ್ನು ಎತ್ತುವನು. ಅವನು ಕೋಲೆತ್ತುವ ಬದಲು ಹತ್ತು ಹೆಜ್ಜೆ ಮುಂದೆ ನಡೆದು, ದನವು ಏನನ್ನು ನೋಡುತ್ತಿರುವುದೋ ಅದನ್ನು ತಾನೂ ಬಗ್ಗಿ ನೋಡಿದರೆ, ಆ ಚೀಲವನ್ನು ತೆಗೆದುಹಾಕುವುದರಲ್ಲಿಯೇ ಕೆಲಸವಾಗುವುದು.

ಕಿವಿಯ ವಿಷಯವೂ ಹೀಗೆಯೇ. ಮನುಷ್ಯನಿಗಿಂತ ದನಕ್ಕೆ ಕೀರಲು ಶಬ್ದಗಳು ಹೆಚ್ಚು ತೀಕ್ಷ್ಣವಾಗಿ ಕೇಳುವುವು. ಸಿಳ್ಳು, ಕೂಗು, ಕಬ್ಬಿಣದ ಬಾಗಿಲು ಕಬ್ಬಿಣಕ್ಕೆ ಬಡಿಯುವ ಸದ್ದು, ಇವು ಅದರ ಎದೆಯನ್ನು ನಡುಗಿಸುವುವು. ಒಂದು ಸಾರಿ ಹೆದರಿದ ದನವು ಮೊದಲಿನ ಶಾಂತಿಗೆ ಬರುವುದಕ್ಕೆ ೨೦ ರಿಂದ ೩೦ ನಿಮಿಷಗಳು ಹಿಡಿಯುವುದೆಂದು ಈ ವಿಷಯವನ್ನು ಪರೀಕ್ಷಿಸಿದವರು ಕಂಡುಕೊಂಡಿರುವರು. ಆದಕಾರಣ ಓಡಿಸಿ ತಂದ ದನವನ್ನು ಕೂಡಲೆ ಹಿಡಿಯಲು ಹೋಗುವುದು ಅವಿವೇಕ. ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿದರೆ ನಷ್ಟವಾಗುವುದೇನೂ ಇಲ್ಲ. ಬೆದರಿದ ಹಸುವು ಆ ಹೊತ್ತು ಸೊರೆ ಬಿಡದೆ ಹಾಲನ್ನು ತಡೆದುಕೊಳ್ಳುವುದೂ, ಗಬ್ಬದ ಹಸುವನ್ನು ಎಳೆದಾಡಿದರೆ ಕಂದು ಹಾಕುವ ಭಯವಿರುವುದೂ ಎಲ್ಲರೂ ಬಲ್ಲ ಸಂಗತಿಗಳೇ.

ಇನ್ನು ಎರಡು ಗುಣಗಳನ್ನು ಹೇಳಬೇಕಾಗಿದೆ. ಪ್ರತಿಯೊಂದು ದನಕ್ಕೂ ತನ್ನ ಸುತ್ತ ಇಷ್ಟು ದೂರವೆಂಬ ಒಂದು ಎಲ್ಲೆಯುಂಟು. ಮನುಷ್ಯನು ಆ ಎಲ್ಲೆಯ ಅಂಚಿಗೆ ಬಂದರೆ ಅದು ಮೆಲ್ಲನೆ ನಡೆಯತೊಡಗುವುದು. ಅಂಚನ್ನು ದಾಟಿ ಒಳನುಗ್ಗಿದರೆ ಓಡುವುದು, ಓಡಲು ದಾರಿಯಿಲ್ಲದಿದ್ದರೆ ಹಾಯುವುದು. ಪಳಗಿದ ಎತ್ತಿಗೆ ಈ ದೂರವು ಇಲ್ಲವೆಂದೇ ಹೇಳಬಹುದು. ಗುಡ್ಡದ ದನಕ್ಕೆ ಹತ್ತು ಮಾರೂ ಇದ್ದೀತು. ಎರಡನೆಯದು, ದನದ ಭುಜದ ನೇರಕ್ಕಿಂತ ಹಿಂದೆ ನಿಂತು ಸಮೀಪಿಸಿದರೆ ಅದು ಮುಂದಕ್ಕೆ ಹೋಗುವುದು, ಭುಜಕ್ಕಿಂತ ಮುಂದೆ ನಿಂತರೆ ಹಿಂದಕ್ಕೆ ಸರಿಯುವುದು. ಒಳ್ಳೆಯ ದನಗಾಹಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಲಸಿಕೆಯ ದಿವಸ ಸೇರುವ ಹತ್ತು ಮಂದಿ ಹುಡುಗರಿಗೆ ಇದು ತಿಳಿಯದು. ಅವರು ತಲೆಯ ಮುಂದೆ ನಿಂತು "ಹೋಗು ಹೋಗು" ಎಂದು ಕೂಗುವರು!

ದನಗಳಿಗಾಗಿ ದೊಡ್ಡಿಯನ್ನು ಯೋಚಿಸಿ ಕಟ್ಟುವುದು ಹೊರದೇಶದವರಿಂದ ಕಲಿಯಬೇಕಾದ ಹೊಸ ವಿದ್ಯೆಯೆಂದು ಭಾವಿಸಕೂಡದು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಮೊದಲಾಗಿ, ಹೈದರ್ ಟೀಪುಗಳ ಕಾಲದಲ್ಲಿ ಫಿರಂಗಿಗಳನ್ನೆಳೆದು ಹೆಸರಾದ ಅಮೃತಮಹಲ್ ತಳಿಯ ದನಗಳು ಕಾವಲುಗಳಲ್ಲಿ ಕಾಡುಮೃಗಗಳಂತೆ ಬೆಳೆಯುತ್ತಿದ್ದುವು. ಅವುಗಳ ಹೋರಿಗರುಗಳನ್ನು ಪಳಗಿಸುವ ಕಾಲ ಬಂದಾಗ ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಮೊದಲು ವಿಶಾಲವಾದ ಒಂದು ದೊಡ್ಡಿ, ಅದರಿಂದ ಒಂದು ಕಿರಿದಾದ ದಾರಿ, ಆ ದಾರಿಯ ತುದಿಗೆ ಗಟ್ಟಿಯಾದ ಮರದ ಕಂಬಗಳಿಂದ ಕಟ್ಟಿದ ಸಣ್ಣ ದೊಡ್ಡಿ. ಸಣ್ಣ ದೊಡ್ಡಿಯಲ್ಲಿ ಒತ್ತಾಗಿ ನಿಂತ ಕರುಗಳಿಗೆ ಹೊರಗಿನಿಂದ ಕುಣಿಕೆ ಹಾಕಿ, ಮೂಗು ಚುಚ್ಚಿ, ಪಳಗಿದ ದನಗಳ ಜತೆಗೆ ಕಟ್ಟುತ್ತಿದ್ದರು. ಅಗಲದಿಂದ ಕಿರಿದಿಗೆ ದನವನ್ನು ನಡೆಯಿಸುವುದು, ಮನುಷ್ಯನು ಒಳಗೆ ಇಳಿಯದೆ ಹೊರಗೇ ಇರುವುದು: ಈಗ ಅಮೆರಿಕಾ ದೇಶದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಟೆಂಪಲ್ ಗ್ರಾಂಡಿನ್ ಎಂಬ ವಿದುಷಿಯು ೧೯೭೦ರ ದಶಕದಿಂದ ಈಚೆಗೆ ವಿಸ್ತಾರವಾಗಿ ವಿವರಿಸಿರುವ ತತ್ವಗಳಲ್ಲಿ ಮುಖ್ಯವಾದವು ಇವೇ. ನೆರಳು, ಸದ್ದು, ಕಣ್ಣುಗಳ ವಿಚಾರವನ್ನು ಆಕೆಯು ಸೇರಿಸಿ, ಪ್ರತಿಯೊಂದಕ್ಕೂ ಅಳತೆಯನ್ನು ಕೊಟ್ಟರು.

ಹಂಪೆಯ ಸೀಮೆಯವರಿಗಂತೂ ಈ ವಿಷಯದಲ್ಲಿ ಸಂಕೋಚವಿರಬೇಕಾಗಿಲ್ಲ. ೧೫೨೦ರ ಸುಮಾರಿನಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸರ ಪಾಯೆಸನು, ಹೇರು ಹೊತ್ತ ಎತ್ತುಗಳು ಬೀದಿಗಳಲ್ಲಿ ಎಷ್ಟು ತುಂಬಿದ್ದುವೆಂದರೆ ಅವು ದಾಟುವವರೆಗೆ ಕಾದು ನಿಲ್ಲಬೇಕಾಗುತ್ತಿತ್ತು, ಇಲ್ಲವೆ ಬೇರೆ ಬೀದಿಯನ್ನು ಹಿಡಿಯಬೇಕಾಗುತ್ತಿತ್ತು ಎಂದು ಬರೆದಿರುವನು. ಆನೆಗಳಿಗೆ ಹನ್ನೊಂದು ಅಂಕಣಗಳ ಲಾಯವನ್ನೂ, ಒಂದೇ ಬಂಡೆಯಲ್ಲಿ ಕಡೆದ ಉದ್ದನೆಯ ಕಲ್ಲುಬಾನಿಯನ್ನೂ ಮಾಡಿದ ನಾಡಿನವರಿಗೆ ಊರಿಗೊಂದು ದೊಡ್ಡಿಯನ್ನು ಕಟ್ಟುವುದು ಅಸಾಧ್ಯವೇ?

ಈಗ ದೊಡ್ಡಿಯ ಸ್ವರೂಪ. ಸಾಧಾರಣವಾದ ಗ್ರಾಮಕ್ಕೆ ಒಂದು ಸಾರಿಗೆ ೨೫ ದನಗಳು ನಿಲ್ಲುವಷ್ಟು ಕೂಡುದೊಡ್ಡಿಯು ಸಾಕು. ದನವೊಂದಕ್ಕೆ ೨೦ ಚದರಡಿಗಳಂತೆ ಲೆಕ್ಕ ಹಾಕಿದರೆ ೨೫ ಅಡಿ ಉದ್ದ, ೨೦ ಅಡಿ ಅಗಲದ ಸ್ಥಳವಾಗುವುದು. ಇದರ ಒಂದು ತುದಿಯಲ್ಲಿ ಸೊಪ್ಪೆ ಸುರಿಯುವ ಆಲಿಕೆಯಂತೆ ಕಿರಿದಾಗುತ್ತ ಹೋಗುವ ಭಾಗವಿರಬೇಕು. ಎರಡು ಪಕ್ಕಗಳನ್ನೂ ಓರೆ ಮಾಡಿದರೆ ಎರಡು ದನಗಳು ಏಕಕಾಲದಲ್ಲಿ ನುಗ್ಗಿ ಬಾಯಲ್ಲಿ ಸಿಕ್ಕಿಕೊಳ್ಳುವುವು. ಒಂದು ಪಕ್ಕವನ್ನು ನೆಟ್ಟಗೂ ಇನ್ನೊಂದನ್ನು ಸುಮಾರು ೩೦ ಡಿಗ್ರಿ ಓರೆಯಾಗಿಯೂ ಕಟ್ಟಿದಲ್ಲಿ ಒಂದರ ಹಿಂದೆ ಒಂದು ಸರಾಗವಾಗಿ ಹೋಗುವುವು. ಈ ಕಿರಿದಾಗುವ ಭಾಗವನ್ನು ಎಂದಿಗೂ ತುಂಬಕೂಡದು. ಅರ್ಧ ತುಂಬಿದರೆ ದನಕ್ಕೆ ತಿರುಗಲು ಸ್ಥಳವಿರುವುದು, ತಿರುಗಲು ಸ್ಥಳವಿದ್ದರೆ ದಾರಿಯನ್ನು ತಾನೇ ಹುಡುಕುವುದು.

ಅಲ್ಲಿಂದ ಮುಂದೆ ಓಣಿ. ಇದು ೨೦ ಅಡಿ ಉದ್ದವಿದ್ದರೆ ಮೂರು ದನಗಳು ಸಾಲಾಗಿ ನಿಲ್ಲುವುವು. ಒಂಟಿಯಾಗಿ ನಿಂತ ದನವು ಹೆದರುವುದರಿಂದ ಮೂರಕ್ಕೆ ಕಡಮೆ ಮಾಡದಿರುವುದು ಮೇಲು. ಒಳಗಿನ ಅಗಲವು ಎರಡೂಕಾಲು ಅಡಿಯಿಂದ ಎರಡೂವರೆ ಅಡಿ. ಅದಕ್ಕಿಂತ ಅಗಲವಾದರೆ ಸಣ್ಣ ದನವು ಒಳಗೇ ಹಿಂದಿರುಗುವ ಪ್ರಯತ್ನ ಮಾಡಿ ಸಿಕ್ಕಿಬೀಳುವುದು. ಪುಸ್ತಕದ ಅಳತೆಯನ್ನೇ ನಂಬದೆ, ಊರಿನ ದೊಡ್ಡ ಎತ್ತನ್ನು ಎರಡು ಗಳುಗಳ ನಡುವೆ ನಿಲ್ಲಿಸಿ ಅಳೆದು ನೋಡುವುದು ಬುದ್ಧಿವಂತಿಕೆ. ಹಳ್ಳಿಕಾರ್ ಜಾತಿಯ ಕೊಂಬು ಮೇಲಕ್ಕೂ ಹಿಂದಕ್ಕೂ ಬಾಗಿರುವುದರಿಂದ ಓಣಿಗೆ ತೊಡಕಾಗದು. ಪಕ್ಕಕ್ಕೆ ಕೊಂಬು ಚಾಚಿದ ಎಮ್ಮೆಗಳಿರುವ ಊರುಗಳಲ್ಲಿ ಓಣಿಯ ಗೋಡೆಯು ಕೊಂಬಿನ ಮಟ್ಟಕ್ಕಿಂತ ಕೆಳಗೇ ನಿಂತು, ಮೇಲೆ ಒಂದು ಗಳು ಮಾತ್ರ ಹೊರಗಿನಿಂದ ಕಟ್ಟಿರಬೇಕು. ಕೊಂಬು ಸಿಕ್ಕುವಂತಹ ಕಂಡಿಗಳನ್ನು ಎಲ್ಲಿಯೂ ಬಿಡಕೂಡದು. ಗೋಡೆಯು ಕೆಳಗೆ ಕಾಣದಂತೆ ಮುಚ್ಚಿದ್ದರೆ ದನವು ಹೊರಗಿನವರನ್ನು ಕಂಡು ಬೆದರದೆ ಮುಂದಿನ ಬೆಳಕನ್ನು ನೋಡಿ ನಡೆಯುವುದು.

ಬಾಗಿದ ಓಣಿಗಳು ಶ್ರೇಷ್ಠವೆಂದು ಕೇಳಿದವರು ಕೆಲವರು ಓಣಿಯ ಬಾಯಲ್ಲಿಯೇ ತಿರುವನ್ನು ಇಟ್ಟುಬಿಡುವರು. ಒಳಗೆ ಕಾಲಿಡುವ ದನಕ್ಕೆ ಎರಡು ದನಗಳ ಉದ್ದದಷ್ಟಾದರೂ ದಾರಿ ಮುಂದೆ ಕಾಣಬೇಕು. ಗೋಡೆಯೇ ಕಂಡರೆ ಅದು ಮುಂದಕ್ಕೆ ಬಾರದು. ಹಳ್ಳಿಯ ಸಣ್ಣ ದೊಡ್ಡಿಗೆ ನೆಟ್ಟನೆಯ ಓಣಿಯೇ ಸಾಕು. ಮುಂದೆ ಹಿಂದೆ ತಡೆಯುವುದಕ್ಕೆ ಬೆಲೆಯುಳ್ಳ ಕಬ್ಬಿಣದ ಯಂತ್ರಗಳು ಬೇಕಿಲ್ಲ. ಮಲೆನಾಡಿನಲ್ಲಿ ಉಣುಗೋಲು ಎಂದು ಕರೆಯುವಂತೆ, ಎರಡು ಕಲ್ಲುಕಂಬಗಳಲ್ಲಿ ತೂತು ಕೊರೆದು ಅಡ್ಡಗಳುಗಳನ್ನು ಸರಿಸುವ ಏರ್ಪಾಡಿದ್ದರೆ ಲಸಿಕೆಗೂ ಕಿವಿಯ ಬಿಲ್ಲೆಗೂ ಸಾಲುವುದು. ಬಳ್ಳಾರಿ ಸೀಮೆಯ ಬೇಸಗೆಯಲ್ಲಿ ಕಬ್ಬಿಣದ ಕೊಳವೆಯನ್ನು ಹೊತ್ತೇರಿದ ಮೇಲೆ ಮುಟ್ಟಿ ನೋಡಿದವರಿಗೆ ಮರದ ಗುಣವು ತಾನೇ ತಿಳಿಯುವುದು. ಕಲ್ಲುಚಪ್ಪಡಿಗಳು ಈ ಭಾಗದಲ್ಲಿ ಬೇಕಾದಷ್ಟು ದೊರಕುವುವು. ಆದರೆ ಒಳಮುಖದ ಅಂಚುಗಳನ್ನು ಉಳಿಯಿಂದ ದುಂಡಗೆ ಮಾಡದೆ ನಿಲ್ಲಿಸಿದರೆ ಚರ್ಮವು ಹರಿಯುವುದು.

ಮನುಷ್ಯನ ರಕ್ಷಣೆಯ ವಿಷಯವನ್ನು ಅನೇಕರು ಮರೆಯುವರು. ಕೂಡುದೊಡ್ಡಿಯ ಎರಡು ಕಡೆಗಳಲ್ಲಿ ೧೪ ರಿಂದ ೧೬ ಅಂಗುಲಗಳ ಕಂಡಿಯನ್ನು ಬಿಡತಕ್ಕದ್ದು. ದನವು ತಿರುಗಿ ಬಿದ್ದಾಗ ಮನುಷ್ಯನು ಅದರಲ್ಲಿ ನುಸುಳಿ ಹೊರಬೀಳುವನು, ದನಕ್ಕೆ ಅದು ಸಾಲದು. ಕರುಗಳು ಅದರಲ್ಲಿ ದಾಟುವುವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನಿಜವೇ. ಒಂದು ಸಣ್ಣ ತಡಿಕೆಯನ್ನು ಒರಗಿಸಿದರೆ ತೀರಿತು.

ನೆಲವು ಜಾರಕೂಡದು. ಜಾರುವ ನೆಲದ ಮೇಲೆ ಯಾವ ದನವೂ ಶಾಂತವಾಗಿರದು. ಸಿಮೆಂಟು ಹಾಕಿದಲ್ಲಿ ನುಣುಪು ಮಾಡದೆ, ಹಸಿಯಿರುವಾಗಲೇ ಒಂದು ಅಂಗುಲ ಆಳದ ಗೆರೆಗಳನ್ನು ಎಂಟೆಂಟು ಅಂಗುಲಕ್ಕೆ ಕೊಯ್ಯಬೇಕು. ಗಾಡಿಗೆ ದನ ಏರಿಸುವ ದಿಬ್ಬವನ್ನು ಜತೆಯಲ್ಲಿ ಕಟ್ಟುವುದಾದರೆ ಇಳಿಜಾರು ೨೦ ಡಿಗ್ರಿಗೆ ಮೀರದೆ, ಮೂರೂವರೆ ಅಂಗುಲ ಎತ್ತರ, ೧೨ ಅಂಗುಲ ಅಗಲದ ಮೆಟ್ಟಿಲುಗಳಿರಲಿ.

ಸ್ಥಳವನ್ನು ಆರಿಸುವುದರಲ್ಲಿ ಒಂದೊಂದು ಪ್ರಾಂತಕ್ಕೆ ಒಂದೊಂದು ನೋಟ ಬೇಕು. ಕಂಪ್ಲಿಯ ಕಡೆ ತುಂಗಭದ್ರೆಯ ದಂಡೆಯ ಕರಿಯ ನೆಲವು ಮಳೆಗೆ ಅಂಟಾಗಿ ದನದ ಕಾಲು ಹುಗಿಯುವುದರಿಂದ, ಗರಸನ್ನು ದಪ್ಪವಾಗಿ ಹರಡಿ ಬಡಿದಲ್ಲದೆ ಅಲ್ಲಿ ದೊಡ್ಡಿ ನಿಲ್ಲದು. ಸಂಡೂರಿನಲ್ಲಿ ಗರಸಿಗೆ ಕೊರತೆಯಿಲ್ಲ. ಅಲ್ಲಿನ ಕಷ್ಟವು ಅದಿರಿನ ಲಾರಿಗಳದು. ಲಾರಿಯ ದಾರಿಯಿಂದ ದೂರವಾಗಿ, ಗುಡ್ಡದಿಂದ ದನಗಳು ಸಾಯಂಕಾಲ ತಾವಾಗಿಯೇ ಇಳಿದು ಬರುವ ದಾರಿಯ ಮೇಲೆ ದೊಡ್ಡಿಯಿರಬೇಕು. ಬಂದ ದಾರಿಯ ಕಡೆಗೆ, ಮನೆಯ ಕಡೆಗೆ ದನವು ಸುಲಭವಾಗಿ ನಡೆಯುವುದಷ್ಟೆ. ಹೊಸಪೇಟೆಯ ಸುತ್ತ ಬಸವಣ್ಣ ಕಾಲುವೆ, ರಾಯ ಕಾಲುವೆಗಳ ಕೆಳಗಿನ ಕಬ್ಬು ಬಾಳೆಯ ಊರುಗಳಲ್ಲಿ ದನಗಳು ಕಾಲುವೆಯ ಸೇತುವೆ ದಾಟದೆ ಬರುವ ಸ್ಥಳವು ಉತ್ತಮ. ಹಂಪೆ, ಕಮಲಾಪುರಗಳ ಭಾಗದಲ್ಲಿ ೨೦೦೨ರ ಹಂಪಿ ವಿಶ್ವಪರಂಪರಾ ಪ್ರದೇಶದ ಕಾಯಿದೆಯೂ ಪುರಾತನ ಸ್ಮಾರಕಗಳ ಕಾಯಿದೆಯೂ ಅನ್ವಯಿಸುವುದರಿಂದ ಕಲ್ಲಿನ ಕಟ್ಟಡಕ್ಕೆ ಕೈಹಾಕುವ ಮುಂಚೆ ಅಪ್ಪಣೆ ಪಡೆಯತಕ್ಕದ್ದು. ಬಿಚ್ಚಿ ಕಟ್ಟಬಹುದಾದ ಗಳುಗಳ ದೊಡ್ಡಿಯೇ ಅಲ್ಲಿ ಯುಕ್ತ. ಹಾಳುಮಂಟಪದ ಕಂಬವೊಂದು ಹತ್ತಿರ ಬಿದ್ದಿದೆಯೆಂದು ಅದನ್ನು ತಂದು ನೆಡುವ ಯೋಚನೆಯನ್ನು ಯಾರೂ ಮಾಡದಿರಲಿ. ಎಲ್ಲಿಯೇ ಆಗಲಿ, ಲಸಿಕೆಯ ಕೆಲಸವು ಬೆಳಿಗ್ಗೆ ನಡೆಯುವುದರಿಂದ ಓಣಿಯು ಪಡುವಣಕ್ಕೋ ಬಡಗಣಕ್ಕೋ ಮುಖವಾಗಿರಬೇಕು. ಏರುವ ಸೂರ್ಯನಿಗೆ ಎದುರಾಗಿ ದನವು ನಡೆಯಲೊಲ್ಲದು.

ಮೂಗುದಾರವಿದ್ದ ಮೇಲೆ ಇದೆಲ್ಲ ಏತಕ್ಕೆ ಎಂದು ಕೇಳುವ ಹಿರಿಯರುಂಟು. ಅವರ ಎತ್ತುಗಳ ಮಟ್ಟಿಗೆ ಅವರ ಮಾತು ಸರಿ. ಆದರೆ ರೋಗವು ಬರುವುದು ಮೂಗುದಾರವಿಲ್ಲದ ದನಗಳ ಮೂಲಕ. ಹಣವೆಲ್ಲಿಂದ ಎಂಬುದು ಎರಡನೆಯ ಪ್ರಶ್ನೆ. ಅನೇಕ ಗ್ರಾಮಗಳಲ್ಲಿ ೧೮೭೧ರ ದನಗಳ ಅತಿಕ್ರಮ ಪ್ರವೇಶದ ಕಾಯಿದೆಯ ಪ್ರಕಾರ ಹಿಂದೆ ಕಟ್ಟಿದ ಬಂದಿದೊಡ್ಡಿಯು ಉಪಯೋಗವಿಲ್ಲದೆ ಜಾಲಿ ಬೆಳೆದು ಬಿದ್ದಿರುವುದು. ನಾಲ್ಕು ಗೋಡೆಗಳೂ ನೆಲವೂ ಅಲ್ಲಿ ಸಿದ್ಧವಾಗಿಯೇ ಇರುವುವು. ಪಂಚಾಯಿತಿಯವರು ನಿರ್ಣಯ ಮಾಡಿ ಒಂದು ಮೂಲೆಯಿಂದ ಓಣಿಯನ್ನು ತೆಗೆದರೆ ಕೆಲಸವು ಬಹುಪಾಲು ಆದಂತೆಯೇ. ಊರ ಬಾಗಿಲಿಗೆ ಸ್ವಾಗತದ ಕಮಾನನ್ನು ಕಟ್ಟಲು ಚಂದಾ ಎತ್ತಬಲ್ಲ ಗ್ರಾಮಗಳು ಹನ್ನೆರಡು ಕಲ್ಲುಕಂಬಗಳಿಗೆ ಬಡವಾಗಿರುವುವೆಂದು ನಂಬುವುದು ಕಷ್ಟ. ಗೌಡಿಕೆ ಪಟೇಲಿಕೆಗಳು ೧೯೬೧ರ ಕಾಯಿದೆಯಿಂದ ರದ್ದಾಗಿದ್ದರೂ, ಊರಿನವರು ಯಾರ ಮಾತಿಗೆ ಎದ್ದು ಬರುವರೋ ಅಂತಹ ಮನೆತನಗಳು ಪ್ರತಿ ಗ್ರಾಮದಲ್ಲಿಯೂ ಇರುವುವು. ಅವರು ತಮ್ಮ ದನಗಳನ್ನು ಮೊದಲು ಓಣಿಯೊಳಗೆ ಬಿಟ್ಟರೆ ಉಳಿದವರು ಬಿಡುವರು.

ಮೊಳೆ ಹೊಡೆದ ಕೋಲಿನಿಂದ ದನವನ್ನು ತಿವಿಯುವುದು ೧೯೬೫ರ ಎಳೆಯುವ ಮತ್ತು ಹೇರುವ ಪ್ರಾಣಿಗಳ ನಿಯಮಗಳಿಂದ ನಿಷಿದ್ಧವಾಗಿದೆ. ದೊಡ್ಡಿಯೊಳಗೆ ಕೋಲೇ ಬೇಕಿಲ್ಲ. ಉದ್ದನೆಯ ಬಿದಿರಿಗೆ ಬಟ್ಟೆಯ ಚೂರು ಕಟ್ಟಿ ಹಿಡಿದರೆ ಸಾಕು. ಒಳಗೆ ಇಬ್ಬರಿಗಿಂತ ಹೆಚ್ಚು ಜನ ಸೇರಬಾರದು, ನಾಯಿಗಳನ್ನು ಹತ್ತಿರ ಬಿಡಬಾರದು. ಒಂದು ಪಳಗಿದ ಮುದಿ ಹಸುವನ್ನು ಮೊದಲು ನಡೆಯಿಸಿದರೆ ಮಂದೆಯು ಅದರ ಬೆನ್ನು ಹಿಡಿಯುವುದು.

ಕಂಬ ನೆಡುವ ಕೆಲಸಕ್ಕೆ ಸುಗ್ಗಿ ತೀರಿ ಮುಂಗಾರು ಹಿಡಿಯುವವರೆಗಿನ ಬಿಡುವು ಅನುಕೂಲವಾದುದು. ಕಾಲುವೆಯ ಕೆಳಗೆ ಎರಡನೆಯ ಬೆಳೆಯಿಡುವ ಊರುಗಳಲ್ಲಿ ನೀರು ನಿಲ್ಲಿಸುವ ತಿಂಗಳುಗಳನ್ನು ನೋಡಿಕೊಳ್ಳಬೇಕು. ದೊಡ್ಡಿಯು ಸಿದ್ಧವಾದ ಕೂಡಲೆ ಲಸಿಕೆಯವರನ್ನು ಕರೆಯದೆ, ಮೊದಲು ಎಂಟು ಹತ್ತು ದಿವಸ ಅಡ್ಡಗಳುಗಳನ್ನೆಲ್ಲ ತೆಗೆದಿಟ್ಟು, ಓಣಿಯ ಆಚೆಯ ತುದಿಯಲ್ಲಿ ಒಂದು ಹೊರೆ ಸೊಪ್ಪೆಯನ್ನೋ ಹಿಂಡಿಯನ್ನೋ ಇಟ್ಟು, ಸಾಯಂಕಾಲ ಮೇದು ಬರುವ ದನಗಳನ್ನು ಅದರ ಮೂಲಕವೇ ಮನೆಗೆ ಬಿಡತಕ್ಕದ್ದು. ಸೂಜಿಯನ್ನು ಕಾಣುವ ಮುಂಚೆ ಅವು ಆ ದಾರಿಯಲ್ಲಿ ಸೊಪ್ಪೆಯನ್ನು ಕಂಡಿರಲಿ.